ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣೆ

ತಿಪಟೂರು ಸೀಮೆಯಲ್ಲಿ ತೆಂಗಿನೆಣ್ಣೆ ಸೋಕದ ವಸ್ತು ಕಡಿಮೆ. ತಲೆಗೆ, ಹಿಮ್ಮಡಿಯ ಒಡಕಿಗೆ, ಹಸುಗೂಸಿನ ಮೈಗೆ, ಕಿರುಗುಡುವ ಬಾಗಿಲಿಗೆ, ಜಾಮಾದ ಬೀಗಕ್ಕೆ, ಜಾತ್ರೆಗೆ ಹೊರಟ ಎತ್ತಿನ ಕೊಂಬಿಗೆ. ಈ ಸಾಲಿಗೆ ಈಚಿನ ವರ್ಷಗಳಲ್ಲಿ ಸೇರಿಕೊಂಡದ್ದು ಹಳೆಯ ಪೋಲೋ ಕಾರಿನ ಡ್ಯಾಶ್‌ಬೋರ್ಡು. ಬೂದಿಬಣ್ಣಕ್ಕೆ ತಿರುಗಿದ ಬಂಪರಿನ ಅಂಚು, ಬಿಳಿಚಿಕೊಂಡ ವೈಪರ್ ಬುಡದ ಪ್ಲಾಸ್ಟಿಕ್ಕು, ಟೈರಿನ ಪಕ್ಕೆ, ಬಾಗಿಲಿನ ಬೀಡಿಂಗ್ ರಬ್ಬರು, ಎಲ್ಲಕ್ಕೂ ಅದೇ ಮದ್ದು. "ವಸಿ ಎಣ್ಣೆ ಹಚ್ಚಿ ನೋಡಿ ಸಾ, ಶೋರೂಮಿಂದ ಈಗ ಇಳಿಸ್ದಂಗೆ ಕಾಣ್ತೈತೆ" ಎನ್ನುವ ಸಲಹೆ ವಾಟರ್ ಸರ್ವಿಸ್ ಅಂಗಡಿಯಿಂದ ಹಿಡಿದು ಕಲ್ಯಾಣ ಮಂಟಪದ ಮುಂದಿನ ಬಯಲಿನವರೆಗೆ ಎಲ್ಲಿ ಬೇಕಾದರೂ ಪುಕ್ಕಟೆ ಸಿಗುತ್ತದೆ. ಹಾಗೆ ಕಾಣುವುದೂ ನಿಜ. ಎಷ್ಟು ದಿನ, ಏನನ್ನು ತೆತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ತೆಂಗಿನ ಸೀಮೆಗೆ ಜರ್ಮನ್ ಕಾರು ಬಂದ ದಾರಿ ಸರಳ. 1995ರಲ್ಲಿ ಪುಣೆಯಲ್ಲಿ ತಯಾರಾಗತೊಡಗಿದ ಮರ್ಸಿಡಿಸ್ 124, ಮರುವರ್ಷ ಗುಜರಾತಿನ ಹಾಲೋಲ್‌ನಿಂದ ಹೊರಬಂದ ಓಪೆಲ್ ಆಸ್ಟ್ರಾ, 2000ದ ಕೋರ್ಸಾ, ಇವೆಲ್ಲ ಇಲ್ಲಿ ಅಪರೂಪದ ಅತಿಥಿಗಳಾಗಿದ್ದವು. ಫೋಕ್ಸ್‌ವ್ಯಾಗನ್ ಕಂಪನಿ ಚಾಕಣದಲ್ಲಿ ಕಾರ್ಖಾನೆ ತೆರೆದು 2010ರಲ್ಲಿ ಪೋಲೋ ಮತ್ತು ವೆಂಟೋ ಬಿಟ್ಟ ಮೇಲೆ ಕಥೆ ಬದಲಾಯಿತು. ಬೆಂಗಳೂರಿನ ಕಂಪನಿ ಕೆಲಸದ ಮಗನೋ ಮಗಳೋ ಹೊಸದಾಗಿ ಕೊಂಡ ಕಾರು ಏಳೆಂಟು ವರ್ಷದಲ್ಲಿ ಊರಿನ ಅಪ್ಪನ ಪಾಲಿಗೆ ಬರುತ್ತದೆ. ಇಲ್ಲವೇ ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಅದೇ ವಯಸ್ಸಿನ ಮಾರುತಿಗಿಂತ ಅಗ್ಗಕ್ಕೆ ಸಿಗುತ್ತದೆ. ಅಗ್ಗವಾಗಲು ಕಾರಣ ಭಯ: ಪಾರ್ಟ್ಸ್ ದುಬಾರಿ, ಮೆಕ್ಯಾನಿಕ್ ಸಿಗುವುದಿಲ್ಲ, ಕಂಪನಿ ಸರ್ವಿಸಿಗೆ ಪಟ್ಟಣದ ದಾರಿ ಹಿಡಿಯಬೇಕು. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋ ತಯಾರಿಕೆಯೂ ನಿಂತಿತು. ಆ ಭಯದಿಂದಲೇ ಮನೆಮದ್ದು ಹುಟ್ಟುತ್ತದೆ. ಕಾರು ಕೊಳ್ಳುವಾಗ ಉಳಿಸಿದ ದುಡ್ಡನ್ನು ಕಾಪಾಡಿಕೊಳ್ಳಲು ಮನೆಯವರು ಬಾನೆಟ್ ಎತ್ತುತ್ತಾರೆ. ಎತ್ತುವುದು ಒಳ್ಳೆಯದೇ. ನನ್ನ ತಕರಾರು ಎತ್ತಿದ ಮೇಲೆ ಮಾಡುವ ಕೆಲಸಗಳ ಬಗ್ಗೆ.

ಈ ಕೆಲಸಗಳ ಹಿಂದೆ ಎರಡು ಬಗೆಯ ಗುರುಗಳಿದ್ದಾರೆ. ಒಬ್ಬರು ನಮ್ಮವರೇ, ಎಣ್ಣೆ, ಸೀಮೆಎಣ್ಣೆ, ಟೂತ್‌ಪೇಸ್ಟು, ನಿಂಬೆಹಣ್ಣು ಹಿಡಿದವರು. ಇನ್ನೊಬ್ಬರು ಹೊರಗಿನವರು. ಇಂಗ್ಲೆಂಡಿನ ಜಾನ್ ಹೇನ್ಸ್ 1966ರಿಂದ ಹೊರತಂದ ಕೈಪಿಡಿಗಳು ಇಡೀ ಕಾರನ್ನು ಬಿಚ್ಚಿ ಮತ್ತೆ ಜೋಡಿಸಿ, ಆ ಅನುಭವದ ಮೇಲೆ ಬರೆದವು. ಮನೆಯಂಗಳದಲ್ಲಿ ಕಾರು ರಿಪೇರಿ ಮಾಡುವವನಿಗೆ ಇಷ್ಟು ಮರ್ಯಾದೆ ಕೊಟ್ಟ ಪುಸ್ತಕಮಾಲೆ ಮತ್ತೊಂದಿಲ್ಲ. ಆದರೆ ಆ ಪರಂಪರೆಯ ದೊಡ್ಡ ವೈರಿ ತುಕ್ಕು. ಯೂರೋಪಿನ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಚಾಸಿಯನ್ನು ತಿನ್ನುತ್ತದೆ. ಹಾಗಾಗಿ ಅಲ್ಲಿನ ಸಲಹೆಯ ಅರ್ಧ ಭಾಗ ಅಡಿಗೆ ಏನು ಬಳಿಯಬೇಕು, ಕೂಲೆಂಟ್ ಹೆಪ್ಪುಗಟ್ಟದಂತೆ ಏನು ಬೆರೆಸಬೇಕು ಎಂಬುದೇ. ನಮ್ಮ ಸೀಮೆಯ ಕೆ.ಬಿ. ಕ್ರಾಸಿನ ಬಿಸಿಲಲ್ಲಿ ನಿಂತ ಕಾರಿಗೆ ಆ ವೈರಿ ಸಿಗುವುದೇ ಇಲ್ಲ. ಇಲ್ಲಿ ಕಾರನ್ನು ಕಾಡುವುದು ಬಿಸಿಲು, ಧೂಳು, ಬೋರಿನ ಗಡಸು ನೀರು, ಇಲಿ, ಮತ್ತೆ ನೆರಳು ಕೊಡುತ್ತದೆಂದು ನಾವು ನಂಬಿದ ತೆಂಗಿನ ಮರ. ಒಂದು ಸಲಹೆ ಇವುಗಳಲ್ಲಿ ಯಾವುದನ್ನು ತಡೆಯುತ್ತದೆ ಎಂದು ಕೇಳಿದರೆ ಸಾಕು, ಅದರ ಯೋಗ್ಯತೆ ಗೊತ್ತಾಗುತ್ತದೆ. ಹೀಗೆ ಕೇಳಿದಾಗ ಇಲ್ಲಿ ಪ್ರಚಾರದಲ್ಲಿರುವ ಬಹುಪಾಲು ಉಪಾಯಗಳು ಯಾವುದನ್ನೂ ತಡೆಯದೆ, ಕಾರಿಗೆ ಸುಮ್ಮನೆ ಮುಖ ತೊಳೆದು ಪೌಡರ್ ಹಚ್ಚುತ್ತವೆ.

ಎಣ್ಣೆಯಿಂದಲೇ ಶುರುಮಾಡೋಣ. ಕರಿ ಪ್ಲಾಸ್ಟಿಕ್ಕು ಬಿಳಿಚಿಕೊಳ್ಳುವುದು ಬಿಸಿಲಿನ ಅತಿನೇರಳೆ ಕಿರಣ ಅದರ ಮೇಲ್ಪದರವನ್ನು ಒಡೆಯುವುದರಿಂದ. ಮೈ ಒರಟಾಗುತ್ತದೆ, ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ, ಕಣ್ಣಿಗೆ ಬೂದಿ ಬಣ್ಣ ಕಾಣುತ್ತದೆ. ಎಣ್ಣೆ ಆ ಗುಳಿಗಳನ್ನು ತುಂಬುವುದರಿಂದ ಮತ್ತೆ ಕಪ್ಪಾಗಿ ಕಾಣುತ್ತದೆ, ಅಷ್ಟೇ. ಒಡೆದ ಪದರ ಒಡೆದೇ ಇರುತ್ತದೆ, ನಾಳಿನ ಬಿಸಿಲಿಗೆ ಎಣ್ಣೆ ಅಡ್ಡ ನಿಲ್ಲುವುದಿಲ್ಲ. ಬದಲಿಗೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಹುಳಿಯಾರಿನ ಕಡೆ ಒಂದು ಸಲ ಹೋಗಿಬಂದರೆ ಸಾಕು, ಡ್ಯಾಶ್‌ಬೋರ್ಡಿನ ಗೀರುಗಳಲ್ಲೆಲ್ಲ ಕೆಂಪು ಮಣ್ಣಿನ ಲೇಪ. ಚಳಿಗಾಲದಲ್ಲಿ ಇನ್ನೊಂದು ಪಜೀತಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಗಟ್ಟಿಯಾಗುತ್ತದೆ. ಪುಷ್ಯ ಮಾಸದ ಬೆಳಗಿನಲ್ಲಿ ಎಸಿ ಕಿಂಡಿಗಳ ಸಂದಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಮಧ್ಯಾಹ್ನ ಅದೇ ಜಿಡ್ಡು ಮಿರಮಿರ ಹೊಳೆದು ಮುಂಗಾಜಿನಲ್ಲಿ ಪ್ರತಿಫಲಿಸಿದಾಗ ಎದುರಿನ ರಸ್ತೆ ಅರ್ಧ ಮಸುಕು. ಸ್ಟೀರಿಂಗಿಗೂ ಪೆಡಲ್ ರಬ್ಬರಿಗೂ ಹಚ್ಚುವವರನ್ನು ನೋಡಿದ್ದೇನೆ, ಅವರಿಗೆ ಹೇಳಬೇಕಾದದ್ದು ವಿಮರ್ಶೆಯ ಭಾಷೆಯಲ್ಲಿ ಬರುವುದಿಲ್ಲ.

ನ್ಯಾಯವಾಗಿ ಎರಡು ಮಾತು ಎಣ್ಣೆಯ ಪರವಾಗಿಯೂ ಹೇಳಬೇಕು. ಇದರ ಕೊಬ್ಬಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸಂತೃಪ್ತ ಕೊಬ್ಬಾದ್ದರಿಂದ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಯಷ್ಟು ಬೇಗ ಕಮಟುವುದಿಲ್ಲ. ಗಾಜಿನ ಮೇಲಿನ ಹಳೆಯ ಸ್ಟಿಕ್ಕರ್ ಕಿತ್ತಾಗ ಉಳಿಯುವ ಅಂಟನ್ನು ಬಿಡಿಸಲು ಇದಕ್ಕಿಂತ ಮೃದುವಾದದ್ದು ಮನೆಯಲ್ಲಿ ಸಿಗಲಾರದು. ಹಲಸು ಬಿಡಿಸುವ ಕೈ ಈ ಗುಟ್ಟನ್ನು ಎಂದೋ ಬಲ್ಲುದು. ಹಚ್ಚಿ, ನೆನೆಸಿ, ಒರೆಸಿ, ಶಾಂಪೂ ನೀರಿನಲ್ಲಿ ತೊಳೆದುಬಿಡಬೇಕು. ಕಾರಿನ ಮೇಲೆ ತೆಂಗಿನೆಣ್ಣೆಗೆ ಇರುವ ನ್ಯಾಯವಾದ ಕೆಲಸ ಇದೊಂದೇ. ಬಾಗಿಲಿನ ಬೀಡಿಂಗ್ ರಬ್ಬರಿಗೆ ಎಣ್ಣೆ ಬೇಡ, ಆ ಬಗೆಯ ರಬ್ಬರು ಎಣ್ಣೆ ಕುಡಿದು ಉಬ್ಬುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸು ತೆಳುವಾಗಿ ಸವರಿದರೆ ಸಾಕು.

ಧೂಳಿನ ವಿಷಯಕ್ಕೆ ಬಂದರೆ, ಎಲ್ಲರೂ ಮಾಡುವ, ಯಾರೂ ತಪ್ಪೆಂದು ತಿಳಿಯದ ಕೆಲಸ ಬೆಳಗಿನ ಒಣಬಟ್ಟೆ ಒರೆಸಾಟ. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಕಬ್ಬಿಣದ ಅದಿರಿನವು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕುವವರೆಗೆ ಅದಿರಿನ ಲಾರಿಗಳ ಕೆಂಧೂಳು ಆ ದಾರಿಯ ಮರಮನೆಗಳ ಮೇಲೆಲ್ಲ ಕೂತಿರುತ್ತಿತ್ತು. ಗಣಿಯ ಮಾತು ಬಿಟ್ಟರೂ ನಮ್ಮ ಮಣ್ಣಿನ ಧೂಳಿನಲ್ಲಿ ಮರಳಿನ ಕಣ ಇದ್ದೇ ಇದೆ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಪೇಂಟರ್‌ಗಳು ಕ್ಲಿಯರ್ ಕೋಟ್ ಅನ್ನುವುದು, ಸುಮಾರು 40ರಿಂದ 50 ಮೈಕ್ರಾನ್ ದಪ್ಪ. ತಲೆಗೂದಲಿಗಿಂತ ತೆಳು. ಒಣಬಟ್ಟೆ ಎಳೆದಾಗಲೆಲ್ಲ ಮರಳು ಅದರ ಮೇಲೆ ಗೀರೆಳೆಯುತ್ತದೆ. ವರ್ಷ ಕಳೆದಂತೆ ಬಿಸಿಲಿಗೆ ಹಿಡಿದರೆ ಬಾನೆಟ್ ತುಂಬ ಜೇಡರ ಬಲೆಯ ಗೆರೆಗಳು. ಆಗ ಆಯುಧಪೂಜೆ ಬರುತ್ತದೆ. ಪೂಜೆಗೆ ಕಾರು ಹೊಸದಾಗಬೇಕಲ್ಲ, ರಬ್ಬಿಂಗ್ ಪಾಲಿಶ್ ಮಾಡಿಸುತ್ತಾರೆ. ರಬ್ಬಿಂಗ್ ಎಂದರೆ ಗೆರೆ ತುಂಬುವುದು ಎಂದು ತಿಳಿದವರೇ ಹೆಚ್ಚು. ಅದು ಗೆರೆಯ ಸುತ್ತಲಿನ ಪದರವನ್ನು ಗೆರೆಯ ಆಳಕ್ಕೆ ತರಿದು ಸಮ ಮಾಡುವುದು. ಪ್ರತಿ ವರ್ಷ ತರಿದರೆ ಒಂದು ದಿನ ತರಿಯಲು ಪದರವೇ ಇರುವುದಿಲ್ಲ, ಛಾವಣಿ ಸಿಪ್ಪೆ ಸುಲಿಯತೊಡಗುತ್ತದೆ. ಪೂಜೆ ಮುಗಿದ ಮೇಲೆ ಒಣಗಿದ ವಿಭೂತಿ ಪಟ್ಟೆ, ಕುಂಕುಮಗಳನ್ನು ತೆಂಗಿನ ನಾರಿನಲ್ಲಿ ತಿಕ್ಕುವವರೂ ಇದ್ದಾರೆ. ಬೂದುಗುಂಬಳ ಒಡೆಯಲಿ, ನಿಂಬೆಹಣ್ಣು ಚಕ್ರಕ್ಕಿಡಲಿ, ನನ್ನ ಅಡ್ಡಿಯಿಲ್ಲ. ಪಟ್ಟೆಯನ್ನು ಗಾಜಿಗೆ ಬಳಿದರೆ ದೇವರು ಬೇಡವೆನ್ನುವುದಿಲ್ಲ.

ಮೇಲ್ಮೈಯ ಹೊಳಪಿನ ಈ ಚಟ ನಮಗೆ ಮಾತ್ರ ಅಂಟಿದ್ದಲ್ಲ. ಇದೇ ಪೋಲೋ ಡೀಸೆಲ್ ತಯಾರಿಸಿದ ಕಂಪನಿ ಹೊಗೆ ಪರೀಕ್ಷೆಯ ವೇಳೆ ಮಾತ್ರ ಶುದ್ಧವಾಗಿ ಕಾಣುವ ತಂತ್ರಾಂಶ ಇಟ್ಟಿತ್ತೆಂದು 2015ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿತ್ತು. ಆ ವರ್ಷದ ಕೊನೆಗೆ ಭಾರತದಲ್ಲೂ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಸೇರಿ ಸುಮಾರು 3.23 ಲಕ್ಷ ಡೀಸೆಲ್ ಕಾರುಗಳನ್ನು ಸರಿಪಡಿಸಲು ವಾಪಸ್ ಕರೆಯುವುದಾಗಿ ಹೇಳಬೇಕಾಯಿತು. ಎಣ್ಣೆ ಹಚ್ಚುವ ನಮ್ಮ ಅಣ್ಣಂದಿರು ಅದರ ಮುಂದೆ ತೀರ ಮುಗ್ಧರು.

ಈಗ ತೆಂಗಿನ ಮರ. ಕಾಯಿ ಬೀಳುತ್ತದೆ, ಒಣಗರಿ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಅಪಾಯ. ಆ ಕಾರಣಕ್ಕೇ ಜಾಣರು ಎಳೆಯ ಮರದ ಕೆಳಗೋ ಎರಡು ಸಾಲಿನ ನಡುವೆಯೋ ನಿಲ್ಲಿಸುತ್ತಾರೆ. ಕಾಣದ ಅಪಾಯ ಎರಡಿವೆ. ಒಂದು ಬಿಳಿನೊಣ. 2016ರಲ್ಲಿ ದಕ್ಷಿಣ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣ ಈಗ ನಮ್ಮ ತೋಟಗಳ ಗರಿಯಡಿಯಲ್ಲೂ ಬೀಡುಬಿಟ್ಟಿದೆ. ಅದು ಗರಿಯ ರಸ ಹೀರಿ ಸಿಹಿಯಾದ ಅಂಟುನೀರನ್ನು ಉದುರಿಸುತ್ತದೆ, ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ತೋಟದವರು ಗರಿಯ ಮೇಲೆ ಇದನ್ನು ನೋಡಿ ಗುರುತಿಸುತ್ತಾರೆ. ಅದೇ ಅಂಟು ಕೆಳಗಿನ ಕಾರಿನ ಛಾವಣಿಯ ಮೇಲೆ ಬಿದ್ದಾಗ ಮಾತ್ರ "ಏನೋ ಹನಿ" ಎಂದು ಸುಮ್ಮನಾಗುತ್ತಾರೆ. ಬಿಸಿಲಿಗೆ ಅದು ಬೇಯುತ್ತದೆ. ಅಂದೇ ನೀರು ಹಾಕಿದರೆ ಬಿಡುವ ಕಲೆ, ಹದಿನೈದು ದಿನ ಬಿಟ್ಟರೆ ಪಾಲಿಶಿಗೆ ಮಾತ್ರ ಬಗ್ಗುತ್ತದೆ.

ಇನ್ನೊಂದು ಹೊಂಬಾಳೆ. ಹೆಚ್ಚು ಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿರಿಯುವ ಮರ ಪ್ರತಿ ಸಲವೂ ಸಾವಿರಾರು ಗಂಡು ಹೂಗಳನ್ನು ಉದುರಿಸುತ್ತದೆ. ಕೆನೆ ಬಣ್ಣದ, ಗಟ್ಟಿ ಎಸಳಿನ, ಜೋಳದ ಕಾಳಿನಷ್ಟಿರುವ ಈ ಹೂಗಳು ಗಾಜಿನಿಂದ ಜಾರಿ ವೈಪರ್ ಬುಡದ ಜಾಲರಿಯೊಳಗೆ ಇಳಿಯುತ್ತವೆ. ಬಾನೆಟ್ಟಿಗೂ ಮುಂಗಾಜಿಗೂ ನಡುವೆ ಇರುವ ಆ ತೊಟ್ಟಿ ಮಳೆನೀರನ್ನು ಹಿಡಿದು ಎರಡು ಪಕ್ಕದ ತೂತುಗಳಿಂದ ಕೆಳಗೆ ಬಿಡಬೇಕು. ಹಳೆಯ ಜರ್ಮನ್ ಕಾರುಗಳ ಒಂದು ದೊಡ್ಡ ರೋಗದ ಮೂಲ ಇಲ್ಲಿದೆ. ಈ ತೂತು ಕಟ್ಟಿದರೆ ತೊಟ್ಟಿ ತುಂಬಿ ನೀರು ಒಳಗೆ ನುಗ್ಗುತ್ತದೆ. ಮೊದಲ ತಲೆಮಾರಿನ ಸ್ಕೋಡಾ ಸೂಪರ್ಬ್ ಮತ್ತು ಅದರ ಮೂಲವಾದ ಪಸಾಟ್‌ನಲ್ಲಂತೂ ಬಾಗಿಲು, ಕಿಟಕಿ, ಲೈಟುಗಳನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಮುಂಬದಿಯ ಕಾರ್ಪೆಟ್ಟಿನಡಿಯಲ್ಲೇ ಇಟ್ಟಿದ್ದಾರೆ. ಅದು ನೆನೆದರೆ ರಾತ್ರಿ ತಾನೇ ಹಾರ್ನ್ ಹೊಡೆದುಕೊಳ್ಳುವ, ಕಿಟಕಿ ಇಳಿಸಿಕೊಳ್ಳುವ ದೆವ್ವದ ಕಾರು ತಯಾರು. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಸಣ್ಣ ಪೈಪುಗಳಿಗೂ ಇದೇ ಗತಿ. ಕೆಲವು ಬಿಎಂಡಬ್ಲ್ಯು ಕಾರುಗಳಲ್ಲಿ ಆ ನೀರು ಡಿಕ್ಕಿಯಲ್ಲಿರುವ ಎಲೆಕ್ಟ್ರಾನಿಕ್ ಸಾಮಾನಿನ ಮೇಲೇ ಇಳಿಯುತ್ತದೆ. ಲಕ್ಷದ ಖರ್ಚಿಗೆ ಕಾರಣ ಒಂದು ಹಿಡಿ ತೆಂಗಿನ ಹೂ.

ಇದಕ್ಕೆ ಮದ್ದು ಬೆರಳು, ಹಳೆಯ ಟೂತ್ ಬ್ರಷ್ಷು, ಅರ್ಧ ಚೊಂಬು ನೀರು. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಹೂವು ಬಾಚಿ, ನೀರು ಸುರಿದು, ಚಕ್ರದ ಹಿಂದೆ ಅದು ಹೊರಬೀಳುವುದನ್ನು ನೋಡಿದರೆ ಆಯಿತು. ಸನ್‌ರೂಫಿನ ಪೈಪಿಗೆ ಮೆತ್ತನೆಯ ನೈಲಾನ್ ದಾರ ತೂರಿಸಬಹುದು, ತಂತಿ ಬೇಡ, ಗಾಳಿಯ ಕಂಪ್ರೆಸರ್ ಖಂಡಿತ ಬೇಡ, ಒಳಗಿನ ಜೋಡಣೆ ಕಳಚಿಕೊಳ್ಳುತ್ತದೆ. ನನ್ನ ಅಳತೆಯಲ್ಲಿ ಈ ಸೀಮೆಯ ಹಳೆಯ ಜರ್ಮನ್ ಕಾರಿಗೆ ಮನೆಯಲ್ಲಿ ಮಾಡಬಹುದಾದ ಎಲ್ಲ ಕೆಲಸಗಳಲ್ಲೂ ಇದು ಮೊದಲನೆಯದು. ಆದರೆ ಈ ಸಲಹೆಯನ್ನು ಯಾರೂ ಯಾರಿಗೂ ದಾಟಿಸುವುದಿಲ್ಲ. ಮಾಡಿದ್ದು ಕಾಣುವುದಿಲ್ಲವಲ್ಲ! ವಿಚಿತ್ರವೆಂದರೆ ಗಾಳಿ, ಒಣತನಗಳ ಬೆಲೆ ಇಲ್ಲಿನ ರೈತನಿಗಿಂತ ಚೆನ್ನಾಗಿ ಬಲ್ಲವರು ವಿರಳ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯನ್ನು ಹಾಗೇ ಇಟ್ಟು, ನೀರು ತಾನಾಗಿ ಇಂಗಿ ಒಳಗೆ ಉಂಡೆ ಕೊಬ್ಬರಿ ಕಳಚಿಕೊಳ್ಳುವವರೆಗೆ ಕಾಯುವ ಕೈ ಅದು. ಅಟ್ಟದ ಸೋರಿಕೆಗೆ ಮಧ್ಯರಾತ್ರಿ ಎದ್ದು ಹೋಗುವವರು ಕಾರಿನೊಳಗಿನ ಮುಗ್ಗಲು ವಾಸನೆಗೆ ಸುಗಂಧದ ಬಾಟಲಿ ನೇತುಹಾಕಿ ಸುಮ್ಮನಾಗುತ್ತಾರೆ.

ಹೊರಗಿನ ನೀರಿನಷ್ಟೇ ಕೆಟ್ಟದ್ದು ನಾವೇ ಸುರಿಯುವ ನೀರು. ನೂರಾರು ಅಡಿ ಆಳದ ಬೋರಿನಿಂದ ಬರುವುದರಲ್ಲಿ ಸುಣ್ಣದ ಅಂಶ ಹೆಚ್ಚು. ಸ್ನಾನದ ಮನೆಯ ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಹರಳೇ ಬಿಸಿಲಲ್ಲಿ ತೊಳೆದ ಬಾನೆಟ್ಟಿನ ಮೇಲೆ ದುಂಡು ಕಲೆಯಾಗುತ್ತದೆ. ನೆರಳಲ್ಲಿ ತೊಳೆಯುವುದು, ಒಣಗುವ ಮುನ್ನ ಮೆತ್ತನೆ ಬಟ್ಟೆಯಿಂದ ನೀರು ಹೀರಿಸುವುದು, ಕೊನೆಯ ಬಕೆಟ್ಟಿಗೆ ಹಿಡಿದಿಟ್ಟ ಮಳೆನೀರು ಬಳಸುವುದು, ಇವು ದುಡ್ಡಿಲ್ಲದ ಉಪಾಯಗಳು. ಆಗಲೇ ಕಟ್ಟಿದ ಕಲೆಗೆ ನೀರು ಬೆರೆಸಿದ ವಿನೆಗರ್ ಒತ್ತಿ, ಕೂಡಲೇ ತೊಳೆದರೆ ಬಿಟ್ಟೀತು. ಇಲ್ಲಿ ಮನೆಮದ್ದಿಗೆ ಪೂರ್ತಿ ಅಂಕ ಕೊಡುತ್ತೇನೆ.

ಅದೇ ಬೋರಿನ ನೀರನ್ನು ರೇಡಿಯೇಟರಿಗೆ ಹಾಕಿದಾಗ ಅಂಕವೆಲ್ಲ ವಾಪಸ್. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಿಗೆ ಗುಲಾಬಿಯೋ ನೇರಳೆಯೋ ಬಣ್ಣದ, ಜಿ12 ಸಾಲಿನ ಕೂಲೆಂಟ್ ಗೊತ್ತುಮಾಡಿದ್ದಾರೆ. ಅಂಗಡಿಯಲ್ಲಿ ಸಿಕ್ಕ ಹಸಿರು ಕೂಲೆಂಟ್ ಬೆರೆಸಿದರೆ ಎರಡರ ರಾಸಾಯನಿಕಗಳು ಜಗಳವಾಡಿ ಕಂದು ರಾಡಿಯಾಗಬಹುದು. ಬರೀ ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಏರು ದಾರಿಯಲ್ಲಿ ಕಾರು ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋದಾಗ ಬೈಗುಳ ಮಾತ್ರ ಜರ್ಮನಿಗೆ. ಕೂಲೆಂಟಿಗೆ ಬೆರೆಸಲು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಕ್ಯಾನಿಗೂ ಹೊಸ ರೇಡಿಯೇಟರಿಗೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ.

ಹೀಗೆ ನಾವೇ ಕೆಡಿಸಿ ಕಾರನ್ನು ದೂರುವ ಇನ್ನೊಂದು ಪದ್ಧತಿ ಡೀಸೆಲ್ ವಾಶ್. ವಾಟರ್ ಸರ್ವಿಸ್ ಮುಗಿದ ಮೇಲೆ ಅಡಿಗೆ ಡೀಸೆಲ್ಲೋ ಹಳೆಯ ಇಂಜಿನ್ ಆಯಿಲೋ ಸಿಂಪಡಿಸಿ ಕಪ್ಪಗೆ ಮಿಂಚಿಸುವುದು. ಎತ್ತಿನ ಗಾಡಿಯ ಕೀಲೆಣ್ಣೆಯ ಸಂಸ್ಕಾರ ಇದರ ಹಿಂದೆ ಇದ್ದೀತು, ಟ್ರ್ಯಾಕ್ಟರ್ ಟ್ರೇಲರಿಗೆ ಹೇಗೋ ನಡೆದೀತು. ಆದರೆ ಪೋಲೋ, ವೆಂಟೋಗಳ ಮುಂದಿನ ಚಕ್ರದ ತೋಳುಗಳು ರಬ್ಬರ್ ಬುಷ್ಷುಗಳ ಮೇಲೆ ನಿಂತಿವೆ. ರಸ್ತೆಯ ಹೊಡೆತ ಒಳಗೆ ಕೇಳದಿರುವುದು, ವೇಗದಲ್ಲಿ ಕಾರು ನೆಲ ಕಚ್ಚಿ ಹೋಗುವುದು ಆ ರಬ್ಬರಿನ ಪುಣ್ಯ. ಪೆಟ್ರೋಲಿಯಂ ಎಣ್ಣೆ ಕುಡಿದ ರಬ್ಬರು ಉಬ್ಬಿ, ಮೆತ್ತಗಾಗಿ, ಸೀಳುತ್ತದೆ. ಆಮೇಲೆ ಪ್ರತಿ ಹಂಪಿನಲ್ಲೂ ಟಕ್ ಟಕ್. "ಜರ್ಮನ್ ಗಾಡಿ ಸಸ್ಪೆನ್ಷನ್ ನಮ್ ರೋಡಿಗೆ ಆಗಲ್ಲ ಸಾ" ಎಂಬ ಗಾದೆಗೆ ಹೀಗೆ ಸಾಕ್ಷಿ ಸಿಗುತ್ತದೆ.

ಚಿಲ್ಲರೆ ಉಪಾಯಗಳನ್ನು ಬೇಗ ಮುಗಿಸೋಣ. ಹಳದಿಗಟ್ಟಿದ ಹೆಡ್‌ಲೈಟಿಗೆ ಟೂತ್‌ಪೇಸ್ಟು: ಹೊಳೆಯುತ್ತದೆ, ಕೆಲವೇ ವಾರ. ಪೇಸ್ಟಿನಲ್ಲಿರುವ ಪುಡಿ ಹಳದಿ ಪದರದ ಜೊತೆಗೆ ಬಿಸಿಲು ತಡೆಯುವ ಲೇಪದ ಉಳಿದ ಚೂರನ್ನೂ ಉಜ್ಜಿ ತೆಗೆಯುತ್ತದೆ, ಮುಂದಿನ ಬೇಸಿಗೆಗೆ ಮೊದಲಿಗಿಂತ ಮಂಕು. ನೀರುಕಾಗದದಲ್ಲಿ 1000ದಿಂದ 3000ದ ನಂಬರಿನವರೆಗೆ ತಾಳ್ಮೆಯಿಂದ ಉಜ್ಜಿ, ಕೊನೆಗೆ ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಹೊಡೆದರೆ ಅದು ಕೆಲಸ. ಬ್ಯಾಟರಿ ತುದಿಯ ಹಸಿರು ಪೊರೆಗೆ ಅಡುಗೆ ಸೋಡದ ನೀರು, ಒಣಗಿದ ಮೇಲೆ ವ್ಯಾಸಲೀನ್: ಒಪ್ಪಿಗೆ. ಇಲಿಗೆ ನುಸಿಗುಳಿಗೆ, ಹೊಗೆಸೊಪ್ಪು: ಇಂಜಿನ್ ಬಿಸಿಗೆ ಗುಳಿಗೆ ಆವಿಯಾಗಿ ಕಾರಿನೊಳಗಿನವರ ಮೂಗಿಗೆ ಬರುತ್ತದೆ, ಇಲಿಯ ಮೇಲೆ ಅದರ ಪ್ರಭಾವ ಅಲ್ಪಕಾಲದ್ದು. ಕೊಬ್ಬರಿ ಗೋಡೌನಿನ ಪಕ್ಕದಿಂದ ಕಾರನ್ನು ದೂರ ಒಯ್ಯುವುದು, ವಾರದಲ್ಲಿ ಎರಡು ದಿನವಾದರೂ ಓಡಿಸುವುದು ಮೇಲು. ತೊಂಬತ್ತರ ದಶಕದ ಮೊದಲರ್ಧದ ಬೆಂಜ್ ಇದ್ದವರು ಇಲಿಯನ್ನೇ ದೂರಬಾರದು. ಆ ಕಾಲದ ಮರ್ಸಿಡಿಸ್ ಇಂಜಿನ್ನುಗಳ ವೈರಿನ ಹೊದಿಕೆ ಬಿಸಿಗೆ ತಾನೇ ಪುಡಿಪುಡಿಯಾಗುವ ಜಾತಿಯದು.

ಸ್ಪಾನರ್ ಹಿಡಿಯುವ ಕೆಲಸಗಳ ಬಗ್ಗೆ ನನಗೆ ಗೌರವ ಹೆಚ್ಚು, ದೂರು ಕಡಿಮೆ. ಕರ್ನಾಟಕದವರಿಗೆ ಜರ್ಮನ್ ತಂತ್ರಜ್ಞಾನ ಅಪರಿಚಿತವಲ್ಲ. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ, 2008ರಿಂದ ಬಾಷ್ ಎಂದೇ ಹೆಸರಾದ ಕಾರ್ಖಾನೆ, ಡೀಸೆಲ್ ಪಂಪು, ನಾಝಲ್, ಸ್ಪಾರ್ಕ್ ಪ್ಲಗ್ಗುಗಳನ್ನು ನಮ್ಮ ಲಾರಿ, ಟ್ರ್ಯಾಕ್ಟರುಗಳೊಳಗೆ ಎಂದೋ ಕೂರಿಸಿದೆ. ಹಳೆಯ ಬೆಂಜ್ ಡೀಸೆಲ್ಲಿನ ಪಂಪನ್ನು ಕಂಡರೆ ಹಳಬ ಪಂಪ್ ಮೇಸ್ತ್ರಿ ಗುರುತು ಹಿಡಿಯುತ್ತಾನೆ. ತೊಡಕು ಬರುವುದು ಹೊಸ ಅಂಗಗಳಲ್ಲಿ. ಆರು ಮೂಲೆಯ ಬೋಲ್ಟಿನ ಜಾಗದಲ್ಲಿ ನಕ್ಷತ್ರದ ಬಾಯಿಯ ಟಾರ್ಕ್ಸ್, ಹನ್ನೆರಡು ಹಲ್ಲಿನ ಸ್ಪ್ಲೈನ್ ಬೋಲ್ಟು. ಅದಕ್ಕೆ ಹೊಂದುವ ಬಿಟ್ಟು ಇಲ್ಲದೆ ಹತ್ತಿರದ ಅಲೆನ್ ಕೀ ಬಡಿದು ತಿರುಗಿಸಿದರೆ ತಲೆ ಸವೆದು, ಹತ್ತು ನಿಮಿಷದ ಕೆಲಸ ವೆಲ್ಡಿಂಗ್ ಅಂಗಡಿಗೆ ಹೋಗುತ್ತದೆ. ಬಿಟ್ಟುಗಳ ಒಂದು ಸೆಟ್ಟು, ಒಂದು ಟಾರ್ಕ್ ರೆಂಚು: ಮನೆಯಲ್ಲಿ ಕೈ ಹಾಕುವವರು ಪಾಲಿಶ್ ಡಬ್ಬಿಗಿಂತ ಮೊದಲು ಕೊಳ್ಳಬೇಕಾದವು ಇವು. ಚಕ್ರಕ್ಕೂ ನಟ್ಟಿಲ್ಲ, ನೇರ ಬೋಲ್ಟು. ಪೋಲೋಗೆ ಬಿಗಿತ 120 ನ್ಯೂಟನ್ ಮೀಟರ್. ಪಾನಾದ ಹಿಡಿಗೆ ಪೈಪು ತೂರಿಸಿ ಅದರ ಮೇಲೆ ನಿಂತು ಕುಣಿಯುವ ಪಂಕ್ಚರ್ ಅಂಗಡಿಯ ಹುಡುಗನನ್ನು ಅಲ್ಲಿಂದ ಇಳಿಸುವುದೂ ಮಾಲೀಕನ ಕೆಲಸವೇ.

ಇಂಜಿನ್ ಆಯಿಲ್ ಬದಲಿಸುವುದು ಮನೆಯಲ್ಲೇ ಆಗುವ ಮಾತು, ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದುವುದಾದರೆ. ಪೆಟ್ರೋಲ್ ಕಾರಿಗೆ ವಿಡಬ್ಲ್ಯು 502.00 ಎಂದು ಕೈಪಿಡಿ ಕೇಳಿದರೆ ಅದೇ ಅಂಕಿ ಡಬ್ಬಿಯ ಮೇಲಿರಬೇಕು. ಟ್ರ್ಯಾಕ್ಟರಿಗೆ ತಂದ 20ಡಬ್ಲ್ಯು-40 ಉಳಿದಿದೆ ಎಂದು ಸುರಿದರೆ, ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೋ ಅದನ್ನು ಸುಟ್ಟು ಕರಿಕಲು ಮಾಡಿಕೊಳ್ಳುತ್ತದೆ. ಟೈಮಿಂಗ್ ಬೆಲ್ಟನ್ನು ಮಾತ್ರ ಅನುಭವಿಗೆ ಬಿಡಿ, ಆದರೆ ಲೆಕ್ಕ ನಿಮ್ಮ ಕೈಯಲ್ಲಿರಲಿ. ತೋಟಕ್ಕೂ ಸಂತೆಗೂ ಓಡಾಡುವ ಡೀಸೆಲ್ ಪೋಲೋ ಕಿಲೋಮೀಟರ್ ಲೆಕ್ಕದಲ್ಲಿ ಎಳೆಯದಾಗಿ ಕಂಡರೂ ವರ್ಷದ ಲೆಕ್ಕದಲ್ಲಿ ಅದರ ಬೆಲ್ಟು ಮುದಿಯಾಗಿರುತ್ತದೆ. ಹರಿದರೆ ಪಿಸ್ಟನ್ನು ವಾಲ್ವಿಗೆ ಹೊಡೆದು ಇಂಜಿನ್ನೇ ಹಾಳು. ಬ್ರೇಕು, ಏರ್‌ಬ್ಯಾಗುಗಳಲ್ಲಿ ಮನೆಮದ್ದಿನ ಪ್ರತಿಭೆ ತೋರಿಸುವುದು ಬೇಡ.

ಕೊನೆಗೊಂದು ಹಳೆಯ ಆಸೆ: ಹಳೆಯ ಬೆಂಜ್ ಡೀಸೆಲ್ಲನ್ನು ತೆಂಗಿನೆಣ್ಣೆಯಲ್ಲೇ ಓಡಿಸಿದರೆ ಹೇಗೆ? ಕೇಳುವವರು ಪೆದ್ದರಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಫಿಲಿಪ್ಪೀನ್ಸ್ ದೇಶ 2007ರಿಂದ ತೆಂಗಿನೆಣ್ಣೆಯ ಬಯೋಡೀಸೆಲ್ಲನ್ನು ಡೀಸೆಲ್ಲಿಗೆ ಬೆರೆಸುವುದನ್ನು ಕಡ್ಡಾಯ ಮಾಡಿದೆ. ನಮ್ಮಲ್ಲೇ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ಹೊಂಗೆಯಂಥ ಮರಗಳ ಮೇಲೆ ಕೆಲಸ ಮಾಡಿದೆ. ಆದರೆ ಫಿಲಿಪ್ಪೀನ್ಸ್ ಬೆರೆಸುವುದು ರಾಸಾಯನಿಕವಾಗಿ ಮಾರ್ಪಡಿಸಿದ ಎಣ್ಣೆ, ಅದೂ ಸಣ್ಣ ಪಾಲು. ಹಸಿ ಎಣ್ಣೆ ಡೀಸೆಲ್ಲಿಗಿಂತ ಹಲವು ಪಟ್ಟು ಮಂದ, ಬಿಸಿ ಮಾಡದೆ ಪಂಪಿಗೆ ಕೊಡುವಂತಿಲ್ಲ, ಚಳಿಯ ಬೆಳಗ್ಗೆ ಫಿಲ್ಟರಿನಲ್ಲೇ ತುಪ್ಪದಂತೆ ಕೂರುತ್ತದೆ. ಪೋಲೋದಂಥ ಕಾಮನ್ ರೈಲ್ ಇಂಜಿನ್ನಿಗೆ ಅದನ್ನು ಕುಡಿಸುವುದು ಇಂಜೆಕ್ಟರುಗಳ ಕೊಲೆ. ದುಡ್ಡಿನ ಲೆಕ್ಕವೂ ಕೂಡಿಬರುವುದಿಲ್ಲ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ನೂರು ಕೆಜಿಗೆ ಅರವತ್ತು ಚಿಲ್ಲರೆ ಕೆಜಿ ಎಣ್ಣೆ ಎಂದು ಹಿಡಿದರೆ, ಗಾಣದ ಕೂಲಿ ಬಿಟ್ಟೇ ಲೀಟರಿಗೆ ಸುಮಾರು 180 ರೂಪಾಯಿ. ಆ ವರ್ಷ ಡೀಸೆಲ್ ತೊಂಬತ್ತರ ಒಳಗಿತ್ತು.

ಇಷ್ಟೆಲ್ಲ ಓದಿಯೂ ತಿಪಟೂರಿನಲ್ಲೋ ತುರುವೇಕೆರೆಯಲ್ಲೋ ಹಳೆಯ ಪೋಲೋ ಕೊಳ್ಳಲು ಹೊರಟವರು ಅದರ ಹೊಳಪನ್ನು ನೋಡಲೇಬೇಡಿ. ಮಾರುವವರು ಎಣ್ಣೆ ಹಚ್ಚಿಯೇ ಇರುತ್ತಾರೆ. ಬಾನೆಟ್ ಎತ್ತಿಸಿ, ವೈಪರಿನ ಬುಡದ ತೊಟ್ಟಿಗೆ ಕೈ ಇಳಿಸಿ, ಎಷ್ಟು ಹೂ ಸಿಗುತ್ತದೆ ನೋಡಿ. ಕೂಲೆಂಟ್ ಡಬ್ಬಿಯ ಮುಚ್ಚಳವನ್ನು ಇಂಜಿನ್ ತಣ್ಣಗಿದ್ದಾಗ ತೆಗೆದು, ನೀರು ಯಾವ ಬಣ್ಣದ್ದೆಂದು ಕೇಳದೆ ಕಣ್ಣಾರೆ ನೋಡಿ. ಆಮೇಲೆ ಮುಂದಿನ ಸೀಟಿನ ಎದುರಿನ ಮ್ಯಾಟ್ ಎತ್ತಿ, ಅದರಡಿಯ ಕಾರ್ಪೆಟ್ಟನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಕೈಗೆ ತೇವ ತಗುಲಿದರೆ ಬೆಲೆ ಕೇಳದೆ ಎದ್ದು ಬನ್ನಿ.